ತೋಳ್ ಸೀಲೆ: ಸಂತೆಯಲ್ಲಿ ಹರಿದ ಬಟ್ಟೆಯ ಕಥೆ

ಕೇರಳದ ಸಮಾಜ ಸುಧಾರಣೆಯ ಪಾಠ ಬಂದಾಗಲೆಲ್ಲ ನಮಗೆ ಒಂದು ಸಣ್ಣ ಅಂಜಿಕೆ. ಪುಸ್ತಕದಲ್ಲಿ 'ಚಾನ್ನಾರ್ ಲಹಳ' ಎಂದು ಇರುವುದು ಕೆಲವೇ ಸಾಲು. ಲಹಳ ಎಂದರೆ ಗಲಭೆ. ಕೆಳಜಾತಿಯೆಂದು ಕರೆಸಿಕೊಂಡ ಹೆಂಗಸರು ಎದೆ ಮುಚ್ಚಿ ಬಟ್ಟೆ ಹಾಕುವ ಹಕ್ಕಿಗಾಗಿ ಹೋರಾಡಿದರು ಎಂದು ಓದುವಷ್ಟರಲ್ಲೇ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು ಶುರುವಾಗುತ್ತದೆ. ಹುಡುಗಿಯರು ತಲೆ ತಗ್ಗಿಸಿ ಪುಸ್ತಕದೊಳಗೇ ಇಳಿದುಬಿಡುತ್ತಾರೆ. ನಾವೂ ಎಷ್ಟೋ ವರ್ಷ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಹೇಳಿ ಮುಂದಿನ ಪುಟಕ್ಕೆ ಹಾರಿದ್ದುಂಟು. ಸುಳ್ಳು ಹೇಳಿ ಏನು ಪ್ರಯೋಜನ.

ಒಮ್ಮೆ ಹಾಗೆ ಹಾರಲು ಆಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿಯೇಬಿಟ್ಟಳು: "ಮುಚ್ಚಿಕೊಂಡದ್ದಕ್ಕೆ ಪೆಟ್ಟಾ ಟೀಚರ್? ಮುಚ್ಚದ್ದಕ್ಕೆ ಅಲ್ವಾ ಪೆಟ್ಟು?"

ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಶಾಲು ಸರಿಮಾಡು, ತಲೆ ಮೇಲೆ ಹಾಕು, ಬಸ್ ಸ್ಟ್ಯಾಂಡಿನಲ್ಲಿ ಹಾಗೆ ನಿಲ್ಲಬೇಡ, ಅಂಥ ಬಟ್ಟೆ ಹಾಕಿ ದೇವಸ್ಥಾನಕ್ಕೆ ಬರಬೇಡ... ಇವನ್ನೆಲ್ಲ ಆ ಹುಡುಗಿ ಹುಟ್ಟಿದಾಗಿನಿಂದ ಕೇಳಿದ್ದಾಳೆ. ಯಾವ ಧರ್ಮದ ಮನೆಯಲ್ಲಿ ಹುಟ್ಟಿದ್ದರೂ ಒಂದಲ್ಲ ಒಂದು ಕೇಳುತ್ತಿದ್ದಳು. ಹೆಣ್ಣುಮಗಳಿಗೆ ಬೀದಿಯಲ್ಲಿ ಬೈಗುಳ ಬೀಳುವುದು ಬಟ್ಟೆ ಕಡಿಮೆಯಾದರೆ ಎಂದು ಅವಳಿಗೆ ಗೊತ್ತು. ಬಟ್ಟೆ ಹೆಚ್ಚಾದದ್ದಕ್ಕೆ ಹೊಡೆದರು, ಸಂತೆಯಲ್ಲಿ ಎಲ್ಲರ ಎದುರು ಎಳೆದು ಹರಿದರು ಎಂದರೆ ಅವಳಿಗೆ ಲೆಕ್ಕ ತಪ್ಪಿದ ಹಾಗೆ. ಆ ದಿನ ಗಂಟೆ ಹೊಡೆಯಿತು, ನಾವು ಪಾರಾದೆವು. ಆದರೆ ಉತ್ತರ ಬಾಕಿ ಇತ್ತು. ಅದಕ್ಕಾಗಿ ಓದಿ ಕೂಡಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಊರು ಯಾವುದೆಂದು ಹೇಳಬೇಕು. ಈ ಗಲಾಟೆ ನಡೆದದ್ದು ತಿರುವಾಂಕೂರು ಸಂಸ್ಥಾನದ ದಕ್ಷಿಣದ ತುದಿಯಲ್ಲಿ: ನಾಗರಕೋವಿಲ್, ಪದ್ಮನಾಭಪುರಂ, ಕಲ್ಕುಳಂ, ನೆಯ್ಯೂರು ಈ ಕಡೆ. ಇವೆಲ್ಲ ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿವೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಬಂತು. ಅದೇ ದಿನ ತಿರುವಾಂಕೂರಿನ ಅಗಸ್ತೀಶ್ವರಂ, ತೋವಾಳ, ಕಲ್ಕುಳಂ, ವಿಳವಂಕೋಡು ಎಂಬ ನಾಲ್ಕು ತಾಲೂಕುಗಳು ಕೇರಳದಿಂದ ಹೊರಗೆ ಹೋದವು. ಒಂದು ಬಾಗಿಲಲ್ಲಿ ನಾವು ಒಳಗೆ, ಇನ್ನೊಂದರಲ್ಲಿ ಅವರು ಹೊರಗೆ. ಹಾಗಾಗಿ ಆ ಊರಿನ ಕಥೆಯನ್ನು ಕೇರಳದ ಚರಿತ್ರೆಯೆಂದು, ಕನ್ನಡದಲ್ಲಿ, ನಾವು ಇಲ್ಲಿ ಕಲಿಸುತ್ತಿದ್ದೇವೆ. ಗಡಿನಾಡಿನವರಿಗೆ ಇಂಥದ್ದು ಹೊಸತೇನಲ್ಲ.

ಅಲ್ಲಿನವರು ಇದನ್ನು ತಮಿಳಿನಲ್ಲಿ 'ತೋಳ್ ಸೀಲೈ' ಹೋರಾಟ ಎನ್ನುತ್ತಾರೆ. ತೋಳು, ಸೀಲೆ. ಕನ್ನಡದ ಮಕ್ಕಳಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಲಯಾಳದಲ್ಲಿ 'ಮಾರು ಮರಯ್ಕಲ್ ಸಮರಂ', ಎಂದರೆ ಎದೆ ಮುಚ್ಚುವ ಹೋರಾಟ. ಈ ಎರಡು ಹೆಸರಿನ ನಡುವೆ ವ್ಯತ್ಯಾಸ ಉಂಟು. ಒಂದು ಎದೆಯ ಮಾತು ಹೇಳುತ್ತದೆ, ಇನ್ನೊಂದು ಹೆಗಲ ಮೇಲೆ ಬೀಳುವ ಬಟ್ಟೆಯ ಮಾತು. ಕಥೆಯ ಗಂಟು ಇರುವುದೇ ಇಲ್ಲಿ, ಮುಂದೆ ಗೊತ್ತಾಗುತ್ತದೆ.

ಈಗ ನಮ್ಮೂರಿನದ್ದೇ ಒಂದು ವಿಷಯ. ಹೆಗಲ ಮೇಲೆ ಬೈರಾಸು ಹಾಕಿಕೊಂಡು ಹೋಗುತ್ತಿದ್ದ ಒಕ್ಕಲು ಮನುಷ್ಯ ಧಣಿಗಳು ಎದುರು ಬಂದರೆ ಏನು ಮಾಡುತ್ತಿದ್ದ? ಬೈರಾಸು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ, ಇಲ್ಲವೇ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ, ಕಂಡವರು ಇನ್ನೂ ಇದ್ದಾರೆ. ಆ ಬೈರಾಸಿನಲ್ಲಿ ನಾಚಿಕೆಯ ಮಾತಿಲ್ಲ. 'ನೀವು ಮೇಲೆ, ನಾನು ಕೆಳಗೆ' ಎಂದು ಬಾಯಿ ತೆರೆಯದೆ ಹೇಳುವ ರೀತಿ ಅದು.

ತಿರುವಾಂಕೂರಿನಲ್ಲಿ ಇದೇ ನಿಯಮ ಹೆಂಗಸರ ಮೈಮೇಲೂ ಇತ್ತು. ಅಲ್ಲಿ ಎದೆ ತೆರೆದಿರುವುದು ಅಂದಿನ ಕಾಲಕ್ಕೆ ನಾಚಿಕೆಯ ವಿಷಯವೇ ಆಗಿರಲಿಲ್ಲ. ಸೆಕೆಯ ಊರು, ಗಂಡಸರು ಹೆಂಗಸರು ಇಬ್ಬರೂ ಸೊಂಟದ ಮೇಲೆ ಹೆಚ್ಚು ಬಟ್ಟೆ ಹಾಕುತ್ತಿರಲಿಲ್ಲ. ಮೇಲ್ಮುಂಡು ಎಂಬ ಹೆಗಲ ಬಟ್ಟೆ ದೊಡ್ಡಸ್ತಿಕೆಯ ಗುರುತು. ನಾಯರ್ ಹೆಂಗಸರು ಅದನ್ನು ಹೊದೆಯಬಹುದಿತ್ತು, ಆದರೆ ನಂಬೂದಿರಿಯ ಎದುರು, ದೇವರ ಎದುರು ತೆಗೆಯಬೇಕಿತ್ತು. ಅವರ ಕೆಳಗೆ ಎಣಿಸಲ್ಪಟ್ಟವರು ಎಲ್ಲರ ಎದುರೂ ತೆರೆದೇ ಇರಬೇಕಿತ್ತು. ಇದಕ್ಕೆ ಆಚಾರ, ಧರ್ಮ ಎಂದು ಹೆಸರು. ತಪ್ಪಿದರೆ ದೇವರಿಗೆ ಕೋಪ, ಊರಿಗೆ ಕೇಡು ಎಂಬ ನಂಬಿಕೆ.

ತಾಳೆ ಮರ ಹತ್ತಿ ಕಳ್ಳು ಇಳಿಸುವ, ಬೆಲ್ಲ ಮಾಡುವ ನಾಡಾರರು ದಕ್ಷಿಣ ತಿರುವಾಂಕೂರಿನಲ್ಲಿ ಬಹಳ ಮಂದಿ. ಸರಕಾರಿ ಕಡತದಲ್ಲಿ ಅವರ ಹೆಸರು ಶಾಣಾರ್, ಮಲಯಾಳದಲ್ಲಿ ಚಾನ್ನಾರ್. ಅವರು ಕೊಡೆ ಹಿಡಿಯುವ ಹಾಗಿರಲಿಲ್ಲ, ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ, ಚಿನ್ನ ಹಾಕುವ ಹಾಗಿರಲಿಲ್ಲ. ಮನೆಗೆ ಮಾಳಿಗೆ ಕಟ್ಟುವ ಹಾಗಿರಲಿಲ್ಲ. ನಂಬೂದಿರಿಯಿಂದ 36 ಹೆಜ್ಜೆ, ನಾಯರಿಂದ 12 ಹೆಜ್ಜೆ ದೂರ ನಿಲ್ಲಬೇಕು. ಹೆಂಗಸರು ನೀರಿನ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳಬಾರದು! ಕೊಡ ಎಲ್ಲಿಡಬೇಕು ಎಂಬುದಕ್ಕೂ ಒಂದು ಆಚಾರ. ಇದನ್ನು ತರಗತಿಯಲ್ಲಿ ಹೇಳಿದಾಗ ನಗುತ್ತಿದ್ದವರೂ ನಗು ನಿಲ್ಲಿಸಿದರು. ನೀರು ಹೊರುವುದು ಎಲ್ಲರಿಗೂ ಗೊತ್ತಲ್ಲ.

ಇದರ ಮೇಲೆ 'ಊಳಿಯಂ'. ನಮ್ಮ ಊಳಿಗವೇ. ಸರಕಾರ ಮತ್ತು ದೇವಸ್ಥಾನಕ್ಕೆ ಕೂಲಿಯಿಲ್ಲದ ಬಿಟ್ಟಿ ದುಡಿಮೆ.

1806ರಲ್ಲಿ ರಿಂಗಲ್‌ಟಾಬೆ ಎಂಬ ಜರ್ಮನ್ ಪಾದ್ರಿ ಲಂಡನ್ ಮಿಷನ್ ಪರವಾಗಿ ಅಲ್ಲಿನ ಮೈಲಾಡಿಗೆ ಬಂದ. 1810ರಿಂದ ತಿರುವಾಂಕೂರಿನಲ್ಲಿ ಕರ್ನಲ್ ಜಾನ್ ಮನ್ರೋ ಬ್ರಿಟಿಷ್ ರೆಸಿಡೆಂಟ್. ಕೆಲವು ಕಾಲ ದಿವಾನನೂ ಅವನೇ ಆಗಿದ್ದ. ಕ್ರೈಸ್ತರಾದ ನಾಡಾರ್ ಹೆಂಗಸರು ಎದೆ ಮುಚ್ಚಬಹುದೆಂದು ಅವನು ಆಜ್ಞೆ ಮಾಡಿದ. ಅರಮನೆಯ ಸಲಹೆಗಾರರು ಸುಮ್ಮನೆ ಬಿಡಲಿಲ್ಲ. ಹೀಗಾದರೆ ಜಾತಿ ಜಾತಿಯ ಗುರುತೇ ಅಳಿದುಹೋಗುತ್ತದೆ ಎಂದರು. 1814ರಲ್ಲಿ ಹೊಸ ಆಜ್ಞೆ ಬಂತು: ಸಿರಿಯನ್ ಕ್ರೈಸ್ತರ, ಮಾಪ್ಪಿಳೆಯರ ಹೆಂಗಸರು ತೊಡುವಂಥ ಕುಪ್ಪಾಯ ಹಾಕಬಹುದು, ಆದರೆ ನಾಯರ್ ಹೆಂಗಸರ ಹಾಗೆ ಹೆಗಲ ಮೇಲೆ ಮೇಲ್ಮುಂಡು ಹಾಕುವಂತಿಲ್ಲ.

ಕುಪ್ಪಾಯ ಎಂದಾಗ ನಮ್ಮ ಕುಪ್ಪಸ ನೆನಪಾಗುತ್ತದೆ. ಮೈ ಮುಚ್ಚುವ ರವಿಕೆ. ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪಾದ್ರಿಗಳ ಹೆಂಡತಿಯರು ಹೊಲಿಗೆ ಕಲಿಸಿದರು, ರವಿಕೆ ಹೊಲಿಸಿದರು, ಅದನ್ನು ತೊಟ್ಟವರೂ ಇದ್ದರು. ಆದರೆ ಬಹಳಷ್ಟು ಹೆಂಗಸರು ಅದರ ಮೇಲೆ ಹೆಗಲ ಬಟ್ಟೆಯನ್ನೂ ಹೊದ್ದು ಸಂತೆಗೆ ಹೊರಟರು. ಪಾದ್ರಿಗಳಿಗೆ ಮೈ ಮುಚ್ಚಿದರೆ ಸಾಕಿತ್ತು. ತಮ್ಮ ದೇಶದ ಶೀಲದ ಅಳತೆಯಲ್ಲಿ ಇಲ್ಲಿನ ಹೆಂಗಸರನ್ನು 'ಸರಿ' ಮಾಡುವುದು ಅವರ ಉದ್ದೇಶ. ಅದೂ ಒಂದು ಬಗೆಯ ಆಚಾರವೇ, ನಾವು ಹಾಗೆಂದೇ ತಿಳಿಯುತ್ತೇವೆ. ಆ ಹೆಂಗಸರಿಗೆ ಬೇಕಾದದ್ದು ಮೇಲಿನವರು ಕೊಟ್ಟ ರವಿಕೆಯೂ ಅಲ್ಲ, ಪಾದ್ರಿ ಕೊಟ್ಟ ರವಿಕೆಯೂ ಅಲ್ಲ. ಯಾವುದನ್ನು ಹಾಕಬೇಡ ಎಂದಿದ್ದರೋ ಅದೇ ಬೇಕಿತ್ತು.

1822ರ ಮೇ ತಿಂಗಳಲ್ಲಿ ಮೊದಲ ದೊಡ್ಡ ಗಲಾಟೆ. ಹೆಗಲ ಬಟ್ಟೆ ಹಾಕಿದ ಹೆಂಗಸರನ್ನು ಸಾರ್ವಜನಿಕ ಜಾಗಗಳಲ್ಲಿ ತಡೆದು ಹೊಡೆದರು, ಬಟ್ಟೆ ಎಳೆದು ಹರಿದರು. ಮರುವರ್ಷ ಪದ್ಮನಾಭಪುರಂ ನ್ಯಾಯಾಲಯ ಕ್ರೈಸ್ತ ಹೆಂಗಸರು ಕುಪ್ಪಾಯ ತೊಡಬಹುದೆಂದು ತೀರ್ಪು ಕೊಟ್ಟಿತು. ಆದರೂ 1827ರಿಂದ 1829ರವರೆಗೆ ಮತ್ತೆ ಅದೇ. ಪ್ರಾರ್ಥನಾ ಮಂದಿರಗಳಿಗೆ, ಶಾಲೆಗಳಿಗೆ ಬೆಂಕಿ ಬಿತ್ತು.

ಸಂತೆಯೇ ಯಾಕೆ? ಇದನ್ನು ನಾವು ಬಹಳ ಯೋಚಿಸಿದೆವು. ತಾಳೆಯ ತೋಪಿನ ನಡುವೆ ತನ್ನ ಗುಡಿಸಲಿನಲ್ಲಿ ಹೆಂಗಸು ಏನು ಹೊದ್ದಳೆಂದು ಯಾರೂ ನೋಡಲು ಹೋಗಲಿಲ್ಲ. ಎಲ್ಲ ಜಾತಿಯವರೂ ಒಂದೇ ನೆಲದಲ್ಲಿ ನಿಲ್ಲುವುದು ಸಂತೆಯಲ್ಲಿ. ಅಲ್ಲಿ ಯಾರು ಯಾರೆಂದು ನೋಡಿದ ಕೂಡಲೇ ತಿಳಿಯಬೇಕು. ಬೆಲ್ಲ ಮಾರುವವಳು, ಕೊಳ್ಳುವವಳು ಇಬ್ಬರ ಹೆಗಲ ಮೇಲೂ ಒಂದೇ ರೀತಿಯ ಬಟ್ಟೆ ಇದ್ದರೆ ಹನ್ನೆರಡು ಹೆಜ್ಜೆಯ ಲೆಕ್ಕ ಎಲ್ಲಿಂದ ಶುರು ಮಾಡುವುದು? ಮತ್ತೆ ಸಂತೆಯಲ್ಲಿ ಒಬ್ಬಳ ಬಟ್ಟೆ ಎಳೆದರೆ ನೂರು ಮಂದಿ ಹೆಂಗಸರು ನೋಡುತ್ತಾರೆ. ಮರುವಾರ ಅವರಲ್ಲಿ ಅರ್ಧದಷ್ಟು ಮಂದಿ ಬಟ್ಟೆ ತೆಗೆದಿಟ್ಟು ಬಂದಾರು, ಇಲ್ಲವೇ ಸಂತೆಗೇ ಬರಲಿಕ್ಕಿಲ್ಲ ಎಂಬುದು ಎಳೆದವರ ಲೆಕ್ಕ. ಹೊಡೆದವರು ರಾಜನ ಸಿಪಾಯಿಗಳೇ ಆಗಬೇಕೆಂದಿರಲಿಲ್ಲ. ಊರಿನ ಗಂಡಸರೇ ಆಚಾರದ ಕಾವಲುಗಾರರಾದರು. ಸರಕಾರದ ಆಜ್ಞೆ ತಮ್ಮ ಕಡೆ ಇದ್ದಾಗ ಆಜ್ಞೆಯ ಹೆಸರಲ್ಲಿ, ಇಲ್ಲದಾಗ ದೇವರ ಹೆಸರಲ್ಲಿ.

1829ರ ಫೆಬ್ರವರಿ 3ರಂದು ಸಂಸ್ಥಾನ ಒಂದು ರಾಜಶಾಸನ ಹೊರಡಿಸಿತು. ಶಾಣಾರ್ ಹೆಂಗಸರು ಹೆಗಲ ಬಟ್ಟೆ ಹಾಕುವುದು ಸರಿಯಲ್ಲ, ಕುಪ್ಪಾಯ ಮಾತ್ರ ಹಾಕಬಹುದು, ಊಳಿಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಅದರ ಸಾರ. ಬಟ್ಟೆ ಮತ್ತು ಬಿಟ್ಟಿ ದುಡಿಮೆ ಒಂದೇ ಕಾಗದದಲ್ಲಿ! ಆಗ ರಾಜ್ಯದ ಆಡಳಿತ ನಡೆಸುತ್ತಿದ್ದವರು ರಾಣಿ ಗೌರಿ ಪಾರ್ವತೀ ಬಾಯಿ. ಮೇಷ್ಟ್ರುಗಳಾದ ನಮಗೆ ಈ ಹೆಸರು ಚೆನ್ನಾಗಿ ಗೊತ್ತು. ಪ್ರಜೆಗಳ ಶಿಕ್ಷಣದ ಖರ್ಚನ್ನು ಸರಕಾರವೇ ಹೊರಬೇಕೆಂದು 1817ರಲ್ಲಿ ಶಾಸನ ಹೊರಡಿಸಿದ ರಾಣಿ ಇವರೇ. ಕೇರಳದ ಶಿಕ್ಷಣದ ಚರಿತ್ರೆ ಬರೆಯುವಾಗ ಎಲ್ಲರೂ ಆ ಶಾಸನದಿಂದಲೇ ಶುರು ಮಾಡುತ್ತಾರೆ. ಅದೇ ಕೈ, ಹನ್ನೆರಡು ವರ್ಷದ ನಂತರ ಇದು. ರಾಣಿಯೊಬ್ಬರ ಆಳ್ವಿಕೆಯಲ್ಲಿ ಹೆಣ್ಣಿನ ಹೆಗಲ ಮೇಲೆ ಬಂದ ನಿಷೇಧ. ಹೆಣ್ಣು ಆಳಿದರೆ ಹೆಣ್ಣಿನ ಕಷ್ಟ ತೀರುತ್ತದೆ ಎಂದು ಸುಲಭವಾಗಿ ನಂಬುವ ಹಾಗಿಲ್ಲ.

ಇದೆಲ್ಲ ಮತಾಂತರದ ಗಲಾಟೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರು ಇದ್ದಾರೆ. ಅವರು ಅಯ್ಯಾ ವೈಕುಂಠರ್ ಹೆಸರು ಕೇಳಬೇಕು. 1809ರಲ್ಲಿ ಹುಟ್ಟಿ 1851ರಲ್ಲಿ ತೀರಿಹೋದ ಇವರು ನಾಡಾರರೇ. ಕನ್ಯಾಕುಮಾರಿಯ ಹತ್ತಿರದ ಸ್ವಾಮಿತೋಪ್ಪು ಇವರ ಊರು. ಕ್ರೈಸ್ತರಾಗದೆ, ತಮ್ಮದೇ ದಾರಿಯಲ್ಲಿ ಜನ ಕೂಡಿಸಿದರು. ಎಲ್ಲರೂ ಒಂದೇ ಬಾವಿಯ ನೀರು ಸೇದಬೇಕೆಂದರು. ತಲೆಗೆ ಮುಂಡಾಸು ಕಟ್ಟಬಾರದ ಜನಕ್ಕೆ ಮುಂಡಾಸು ಕಟ್ಟಿಯೇ ಪ್ರಾರ್ಥನೆಗೆ ಬನ್ನಿ ಎಂದರು. ಇವರನ್ನೂ ಸಂಸ್ಥಾನ ಸೆರೆಗೆ ಹಾಕಿತು. ತಲೆಯ ಮುಂಡಾಸು, ಹೆಗಲ ಸೀಲೆ, ಸೊಂಟದ ಕೊಡ ಎಲ್ಲ ಒಂದೇ ಸರಪಳಿಯ ಕೊಂಡಿಗಳು.

ಮಿಷನ್ನಿನವರ ಒಂದು ಕೆಲಸ ಮಾತ್ರ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಾಲ್ಟ್ ಎಂಬ ಪಾದ್ರಿಯ ಹೆಂಡತಿ ನಾಗರಕೋವಿಲಿನಲ್ಲಿ ಹುಡುಗಿಯರಿಗೆ ಅಕ್ಷರದ ಜೊತೆ ಲೇಸು ಹೆಣೆಯಲು ಕಲಿಸಿದರು. 1820ರ ದಶಕದ ಮಾತು. ಲೇಸು ದೂರದ ಊರುಗಳಿಗೆ ಮಾರಾಟವಾಯಿತು. ಅದರಲ್ಲಿ ಬಂದ ಹಣದಿಂದ ಜೀತದ ಹುಡುಗಿಯರು ತಮ್ಮ ಬಿಡುಗಡೆ ಕೊಂಡುಕೊಂಡದ್ದುಂಟು. ಸೂಜಿ ದಾರ ಹಿಡಿದ ಹುಡುಗಿಗೆ ಓದು ಬಂತು, ಕೈಯಲ್ಲಿ ಕಾಸು ಬಂತು. ಸಂತೆಯಲ್ಲಿ ಅವಳ ಹೆಗಲ ಬಟ್ಟೆ ಅಷ್ಟು ಕಣ್ಣು ಚುಚ್ಚಿದ್ದು ಸುಮ್ಮನೆ ಅಲ್ಲ.

ಕಾಲವೂ ಬದಲಾಗುತ್ತಿತ್ತು. ವೇಲುತಂಬಿ ದಳವಾಯಿಯ ದಂಗೆ 1809ರಲ್ಲಿ ಮುರಿದುಬಿದ್ದ ಮೇಲೆ ನಾಯರ್ ಪಡೆಗಳ ಹಿಂದಿನ ಬಲ ಹೋಯಿತು. ನಾಡಾರರು ಸಿಂಹಳದ ತೋಟಗಳಿಗೆ ಹೋಗಿ ದುಡ್ಡು ಕಂಡರು, ವ್ಯಾಪಾರಕ್ಕೆ ಇಳಿದರು. 1855ರಲ್ಲಿ ತಿರುವಾಂಕೂರು ಜೀತಪದ್ಧತಿಯನ್ನು ತೆಗೆದುಹಾಕಿತು. ಮೇಲಿನವರ ಕೈಯಿಂದ ಒಂದೊಂದೇ ಜಾರುತ್ತಿತ್ತು. ದುಡ್ಡು ಮಾಡಿದ ಗಂಡಸನ್ನು ತಡೆಯುವುದು ಕಷ್ಟ. ಬೆಲ್ಲದ ಬುಟ್ಟಿ ಹೊತ್ತು ಒಬ್ಬಳೇ ಬರುವ ಹೆಂಗಸನ್ನು ತಡೆಯುವುದು ಸುಲಭ.

1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಪ್ರಜೆಗಳ ಧರ್ಮದಲ್ಲಿ ಸರಕಾರ ಕೈಹಾಕುವುದಿಲ್ಲ ಎಂದು ಅದರಲ್ಲಿತ್ತು. ದಕ್ಷಿಣ ತಿರುವಾಂಕೂರಿನಲ್ಲಿ ಅದನ್ನು ಓದಿಕೊಂಡ ಬಗೆಯೇ ಬೇರೆ: ಇನ್ನು ನಮ್ಮ ಆಚಾರವನ್ನು ಕೇಳುವವರಿಲ್ಲ, ಪಾದ್ರಿಗಳ ಬೆನ್ನಿಗೆ ಯಾರೂ ಇಲ್ಲ. ಆಗಿನ ದಿವಾನರು ಟಿ. ಮಾಧವರಾವ್. ಮುಂದೆ ಇಂದೋರು, ಬರೋಡಾಗಳಲ್ಲೂ ದಿವಾನರಾಗಿ ದೊಡ್ಡ ಹೆಸರು ಪಡೆದವರು. 1858ರ ಡಿಸೆಂಬರಿನಲ್ಲಿ ಅವರ ಪ್ರಕಟಣೆ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು. ಜನ ಕಾನೂನನ್ನು ಕೈಗೆ ತೆಗೆದುಕೊಳ್ಳಬಾರದೆಂದೂ ಹೇಳಿತು. ನಿಯಮ ನಿಮ್ಮದೇ, ಆದರೆ ಹೊಡೆಯಬೇಡಿ ಎಂದರೆ ಗುಂಪು ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. 1859ರ ಆರಂಭದಲ್ಲಿ ನಾಗರಕೋವಿಲಿನ ಸುತ್ತಮುತ್ತ ದೊಣ್ಣೆ ಹಿಡಿದ ಗುಂಪುಗಳು ಮನೆಗಳಿಗೆ ನುಗ್ಗಿದವು. ಹೆಂಗಸರ ಬಟ್ಟೆ ಹರಿದರು, ಮನೆ ದೋಚಿದರು, ಪ್ರಾರ್ಥನಾ ಮಂದಿರ ಮತ್ತು ಶಾಲೆಗಳನ್ನು ಸುಟ್ಟರು. ಕೆಲವು ಕಡೆ ನಾಡಾರರೂ ತಿರುಗಿ ನಿಂತರು.

ಆ ವರ್ಷ ಮದ್ರಾಸಿಗೆ ಹೊಸ ಗವರ್ನರ್ ಬಂದಿದ್ದ, ಚಾರ್ಲ್ಸ್ ಟ್ರೆವೆಲಿಯನ್. ಅವನು ರೆಸಿಡೆಂಟ್ ಜನರಲ್ ಕಲ್ಲನ್‌ಗೆ ಕಟುವಾಗಿ ಬರೆದ. ಒತ್ತಡ ತಡೆಯಲಾರದೆ ಮಹಾರಾಜ ಉತ್ರಂ ತಿರುನಾಳ್ ಮಾರ್ತಾಂಡವರ್ಮರು 1859ರ ಜುಲೈ 26ರಂದು ಶಾಸನ ಹೊರಡಿಸಿದರು. ಇದು ಜಯದ ದಿನ ಎಂದು ಪಾಠಪುಸ್ತಕಗಳು ಹೇಳುತ್ತವೆ. ಜಯವೇ ಹೌದು. ಆದರೆ ಅದರಲ್ಲಿ ಇದ್ದದ್ದೇನು ನೋಡಿ: ಶಾಣಾರ್ ಹೆಂಗಸರು ಕ್ರೈಸ್ತ ಶಾಣಾರ್ ಹೆಂಗಸರ ಹಾಗೆ ಕುಪ್ಪಾಯ ಹಾಕಬಹುದು. ಯಾವ ಮತದ ಶಾಣಾರ್ ಹೆಂಗಸರೂ ಮೀನುಗಾರ ಹೆಂಗಸರ ಹಾಗೆ ಒರಟು ಬಟ್ಟೆಯನ್ನು ಸುತ್ತಿ ಕಟ್ಟಿಕೊಳ್ಳಬಹುದು. ಬೇರೆ ಯಾವ ರೀತಿಯಲ್ಲಾದರೂ ಎದೆ ಮುಚ್ಚಿಕೊಳ್ಳಬಹುದು. ಆದರೆ ಮೇಲ್ಜಾತಿಯ ಹೆಂಗಸರ ಹಾಗೆ ಮಾತ್ರ ಅಲ್ಲ.

1814ರಲ್ಲಿ ಒಂದು 'ಆದರೆ', 1829ರಲ್ಲೂ ಅದೇ, 1859ರಲ್ಲೂ ಅದೇ. ನಲವತ್ತೈದು ವರ್ಷ ಪೆಟ್ಟು ತಿಂದ ಮೇಲೂ ಆ ಒಂದು ಶಬ್ದ ಅಲುಗಲಿಲ್ಲ. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇದರಲ್ಲೇ ಉಂಟು. ಮುಚ್ಚಿದ್ದಕ್ಕೂ ಅಲ್ಲ, ಮುಚ್ಚದ್ದಕ್ಕೂ ಅಲ್ಲ, ಹೇಳಿದ ಹಾಗೆ ಇರದೆ ಇದ್ದದ್ದಕ್ಕೆ ಪೆಟ್ಟು.

ಈ ಕಾವಲು ಬೀದಿಯಲ್ಲಿ ಮಾತ್ರ ಇತ್ತೆಂದಲ್ಲ. ತಿರು-ಕೊಚ್ಚಿಯ ಮುಖ್ಯಮಂತ್ರಿಯಾಗಿದ್ದ ಸಿ. ಕೇಶವನ್ ತಮ್ಮ ಆತ್ಮಕಥೆಯಲ್ಲಿ ಹೆಂಡತಿಯ ತಾಯಿ ಹೇಳಿದ ಒಂದು ನೆನಪನ್ನು ಬರೆದಿದ್ದಾರೆ. ಆಕೆಗೆ ತರುಣಿಯಾಗಿದ್ದಾಗ ಯಾರೋ ರವಿಕೆ ಕೊಟ್ಟರು. ಆಸೆಯಿಂದ ತೊಟ್ಟುಕೊಂಡಾಗ ಹೆತ್ತ ತಾಯಿಯೇ ಹೊಡೆದು ಬಿಚ್ಚಿಸಿದರಂತೆ. ರವಿಕೆ ತೊಟ್ಟು ತಿರುಗುವುದು ಆ ತಾಯಿಯ ಕಣ್ಣಿಗೆ ನಾಚಿಕೆಗೇಡು! ಎಷ್ಟೋ ತಲೆಮಾರು ಮೈಮೇಲೆ ಹೇರಿದ್ದು ಕೊನೆಗೆ ಮಾನದ ಹೆಸರು ಪಡೆಯುತ್ತದೆ. ಮೇಲಿನವನು ಕೋಲು ಹಿಡಿಯಬೇಕಾಗಿಲ್ಲ, ಅಮ್ಮನೇ ಹಿಡಿಯುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳಿಗೆ ಮೊಬೈಲಿನಲ್ಲಿ ಬರುವುದು ನಂಗೇಲಿಯ ಕಥೆ: ಚೇರ್ತಲದ ಹೆಂಗಸು ಎದೆ ತೆರಿಗೆ ಕೇಳಲು ಬಂದವನ ಎದುರು ತನ್ನ ಮೊಲೆಯನ್ನೇ ಕೊಯ್ದಿಟ್ಟಳು ಎಂಬುದು. ಅದು ಜನರ ಬಾಯಿಯಲ್ಲಿ ಉಳಿದು ಬಂದ ಕಥೆ, ಅದಕ್ಕೆ ಅದರ ಗೌರವ ಇರಲಿ. ಆದರೆ ಪರೀಕ್ಷೆಯಲ್ಲಿ ಇಸವಿ ಹಾಕಿ ಬರೆಯಬೇಡಿ ಎಂದು ನಾವು ಹೇಳುತ್ತೇವೆ. ಶಾಸನ, ನ್ಯಾಯಾಲಯದ ತೀರ್ಪು, ರೆಸಿಡೆಂಟನ ಕಾಗದ ಇರುವ ತೋಳ್ ಸೀಲೆಯ ಚರಿತ್ರೆಯನ್ನು ಬಿಟ್ಟು ಒಂದು ದಂತಕಥೆಯ ಮೇಲೇ ನಿಂತರೆ, ನಾಳೆ ಯಾರಾದರೂ ಅದು ಸುಳ್ಳೆಂದು ಹೇಳಿ ಎಲ್ಲವನ್ನೂ ಸುಳ್ಳು ಮಾಡಿಬಿಡಬಹುದು.

1859ರ ನಂತರವೂ ಈ ಮಾತು ಮುಗಿಯಲಿಲ್ಲ. ಪುಲಯ ಹೆಂಗಸರು ಎದೆಯ ಮೇಲೆ ಕಲ್ಲಿನ ಮಣಿಸರದ ರಾಶಿ ಹೊರಬೇಕೆಂಬ ಕಟ್ಟಳೆ ಇಪ್ಪತ್ತನೆಯ ಶತಮಾನದವರೆಗೂ ಬಂತು. ಅಯ್ಯಂಕಾಳಿ ಅದನ್ನು ಕಿತ್ತೆಸೆಯಿರಿ ಎಂದರು. 1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಅದಕ್ಕೂ ಗಲಭೆ, ಗುಡಿಸಲುಗಳಿಗೆ ಬೆಂಕಿ. ಆಮೇಲೆ ಕೊಲ್ಲಂನ ಸಭೆಯಲ್ಲಿ ಹೆಂಗಸರು ಎಲ್ಲರ ಎದುರೇ ಸರ ಕಿತ್ತು ರಾಶಿ ಹಾಕಿದರು. ತೃಶೂರಿನ ಕಡೆಯ ವೇಲೂರು ಮಣಿಮಲರ್‌ಕಾವಿನಲ್ಲಿ, ಉತ್ಸವದ ಮೆರವಣಿಗೆಯಲ್ಲಿ ಹೆಂಗಸರು ತೆರೆದ ಎದೆಯಲ್ಲೇ ತಟ್ಟೆ ಹಿಡಿಯಬೇಕೆಂಬ ಪದ್ಧತಿಯನ್ನು ಮುರಿಯಲು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ, ಹೋರಾಡಬೇಕಾಯಿತು. ಸಂವಿಧಾನ ಬಂದ ಮೇಲೆ, ಸ್ನೇಹಿತರೇ!

ಇದು ತೆಂಕಣದವರ ಕಥೆ, ನಾವು ಬೇರೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ನಮ್ಮ ಮಂಜೇಶ್ವರ, ಕುಂಬಳೆ ಕಡೆಯಿಂದ ಉಡುಪಿಯವರೆಗೆ ಕೊರಗರಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟದ್ದರಲ್ಲಿ 'ಸೊಪ್ಪು ಕೊರಗ' ಎಂಬ ಹೆಸರು ಬರುತ್ತದೆ. ಹೆಂಗಸರು ಬಟ್ಟೆಯ ಮೇಲೆ, ಸೊಂಟದ ಸುತ್ತ ಸೊಪ್ಪು ಕಟ್ಟಿಕೊಳ್ಳಬೇಕಿತ್ತು, ಅವರು ಯಾರೆಂದು ದೂರದಿಂದಲೇ ತಿಳಿಯಲಿ ಎಂದು. ಅಲ್ಲಿ ಹೆಗಲ ಬಟ್ಟೆ ತೆಗೆಸಿದರು, ಇಲ್ಲಿ ಸೊಪ್ಪು ಕಟ್ಟಿಸಿದರು. ಕೊರಗರನ್ನು ಅವಮಾನಿಸುವ 'ಅಜಲು' ಪದ್ಧತಿಯನ್ನು ತಡೆಯಲು ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ. ನಾವು ಕನ್ನಡದ ಹಕ್ಕಿನ ಬಗ್ಗೆ ಎಷ್ಟು ಲೇಖನ ಬರೆದಿದ್ದೇವೆ, ಸೊಪ್ಪಿನ ಬಗ್ಗೆ ಎಷ್ಟು ಬರೆದಿದ್ದೇವೆ ಎಂದು ಲೆಕ್ಕ ಹಾಕಿದರೆ ನಮಗೇ ಮುಜುಗರವಾಗುತ್ತದೆ.

ಪಾಠಪುಸ್ತಕದ ವಿಷಯವನ್ನೂ ಹೇಳಿಬಿಡುತ್ತೇವೆ. ಸಿಬಿಎಸ್‌ಇ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಬಟ್ಟೆಯ ಸಾಮಾಜಿಕ ಚರಿತ್ರೆ ಎಂಬ ಒಳ್ಳೆಯ ಅಧ್ಯಾಯವಿತ್ತು. ಅದರಲ್ಲಿ ಈ ಘಟನೆ ಇತ್ತು. ನಾಡಾರರನ್ನು ಹೊರಗಿನಿಂದ ವಲಸೆ ಬಂದವರೆಂದು ಬರೆದದ್ದಕ್ಕೆ ತಮಿಳುನಾಡಿನಲ್ಲಿ ಆಕ್ಷೇಪ ಬಂತು, ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಆಕ್ಷೇಪದಲ್ಲಿ ಹುರುಳಿದ್ದರೆ ಆ ವಾಕ್ಯ ತಿದ್ದಬಹುದಿತ್ತು. 2016ರ ಡಿಸೆಂಬರಿನಲ್ಲಿ ಆ ಭಾಗವನ್ನೇ ಬಿಟ್ಟುಬಿಡಿ, ಪ್ರಶ್ನೆ ಕೇಳಬೇಡಿ ಎಂದು ಸುತ್ತೋಲೆ ಬಂತು. 2019ರಲ್ಲಿ ಎನ್‌ಸಿಇಆರ್‌ಟಿ ಇಡೀ ಅಧ್ಯಾಯವನ್ನೇ ತೆಗೆದುಹಾಕಿತು. 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ಹಾರಿಸಿದ ನಮ್ಮ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ ಹಾಗೆ.

ಈಗ ನಾವು ಪಾಠವನ್ನು ಹೀಗೆ ಮಾಡುತ್ತೇವೆ. ಎದೆಯ ಮಾತಿನಿಂದ ಶುರು ಮಾಡುವುದಿಲ್ಲ. ಮೊದಲು ಬೈರಾಸು, ಆಮೇಲೆ ಕೊಡೆ, ಚಪ್ಪಲಿ, ನೀರಿನ ಕೊಡ. ಆಮೇಲೆ ಮೂರು ಆಜ್ಞೆಗಳ ಸಾರವನ್ನು ಹಲಗೆಯ ಮೇಲೆ ಬರೆದು, ಮೂರರಲ್ಲೂ ಇರುವ ಒಂದು ಶಬ್ದ ಹುಡುಕಿ ಎನ್ನುತ್ತೇವೆ. ಕಳೆದ ಬಾರಿ 'ಆದರೆ' ಎಂದು ಮೊದಲು ಕೂಗಿದ್ದು ಹಿಂದಿನ ಬೆಂಚಿನ ಹುಡುಗ. ನಗುವವರ ಸಾಲಿನಲ್ಲೇ ಕೂರುವವನು. ಹುಡುಗಿಯರು ತಲೆ ಎತ್ತಿ ಅವನನ್ನು ನೋಡಿದರು. ಆಮೇಲೆ ಅವರಲ್ಲಿ ಒಬ್ಬಳು, ಮೀನುಗಾರ ಹೆಂಗಸರ ಹಾಗೆ ಕಟ್ಟಬೇಕು ಎಂದರೆ ಆ ಮೀನಿನವರಿಗೆ ಏನನ್ನಿಸಿರಬಹುದು ಟೀಚರ್ ಎಂದು ಕೇಳಿದಳು. ಆ ಪ್ರಶ್ನೆಯ ಹಿಂದೆ ಈಗ ಬಿದ್ದಿದ್ದೇವೆ. ಬೈರಾಸಿನ, ರವಿಕೆಯ, ಸೊಪ್ಪಿನ ನೆನಪು ನಿಮ್ಮ ಮನೆಯ ಅಜ್ಜಿಯಂದಿರಲ್ಲಿ ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ನಮಗೂ ತಿಳಿಸಿ. ಬರುವ ವರ್ಷ ತರಗತಿಯಲ್ಲಿ ಓದಿಸುತ್ತೇವೆ.